ಕೂಲ್‌ ಡ್ರಿಂಕ್ಸ್‌ನಿಂದ ಮಗನ ಹಾಲುಹಲ್ಲು ಸವೆಯುತ್ತಿದೆ, ಏನು ಮಾಡಲಿ?

ಪ್ರಶ್ನೆ: ನನ್ನ ಮಗನಿಗೆ ಈಗ ಐದು ವರ್ಷ. ಸಂಜೆ ತಾತನ ಜೊತೆ ಅಂಗಡಿಗೆ ಹೋದರೆ ಹತ್ತು ರೂಪಾಯಿಯ ಕೂಲ್‌ ಡ್ರಿಂಕ್ಸ್‌ ಬಾಟಲಿ ಬೇಕೇ ಬೇಕು. ಅದನ್ನು ಒಂದೇ ಸಲ ಕುಡಿದು ಮುಗಿಸುವುದಿಲ್ಲ. ಟಿವಿ ನೋಡುತ್ತಾ, ಆಟ ಆಡುತ್ತಾ ರಾತ್ರಿ ಊಟದವರೆಗೂ ಗುಟುಕು ಗುಟುಕಾಗಿ ಕುಡಿಯುತ್ತಾನೆ. ಈಚೆಗೆ ಅವನ ಮೇಲಿನ ಮುಂದಿನ ಹಲ್ಲುಗಳು ತೆಳ್ಳಗಾಗಿವೆ. ತುದಿಯಲ್ಲಿ ಬೆಳಕು ಹಾಯುವ ಹಾಗೆ ಕಾಣುತ್ತೆ. ತಣ್ಣೀರು ಕುಡಿದರೆ ಜುಮ್‌ ಅನ್ನುತ್ತೆ ಅಂತಾನೆ. ಡೆಂಟಿಸ್ಟ್‌ ನೋಡಿ, ಇದು ಹುಳುಕಲ್ಲ, ಆಸಿಡ್‌ನಿಂದ ಸವೆದಿರುವುದು ಅಂದರು. ನಮ್ಮ ಅತ್ತೆ "ಹಾಲುಹಲ್ಲು ತಾನೇ, ಹೇಗೂ ಬಿದ್ದು ಹೋಗುತ್ತೆ ಬಿಡು" ಅಂತಾರೆ. ಶುಗರ್‌ ಇಲ್ಲದ ಡ್ರಿಂಕ್ಸ್‌ ಕೊಟ್ಟರೆ ಪರವಾಗಿಲ್ವಾ? ಮನೆಯಲ್ಲೇ ಮಾಡಿದ ನಿಂಬೆ ಶರಬತ್ತು ಕೊಡಬಹುದಾ? ಕುಡಿದ ತಕ್ಷಣ ಬ್ರಷ್‌ ಮಾಡಿಸುತ್ತಿದ್ದೇನೆ, ಅಷ್ಟು ಸಾಕಾ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಎರಡು ಕೆಲಸ ಇವತ್ತಿನಿಂದಲೇ ಆಗಬೇಕು, ಅದನ್ನು ಮೊದಲು ಹೇಳಿಬಿಡುತ್ತೇನೆ. ಒಂದು, ಆ ಬಾಟಲಿ ಟಿವಿ ಮುಂದೆ ಹೋಗಬಾರದು. ಎರಡು, ಕುಡಿದ ತಕ್ಷಣ ಬ್ರಷ್‌ ಮಾಡಿಸುವುದನ್ನು ನಿಲ್ಲಿಸಿ. ನೀವು ಒಳ್ಳೆಯದಾಗಲಿ ಅಂತಲೇ ಮಾಡಿಸುತ್ತಿದ್ದೀರಿ, ಆದರೆ ಆ ಹೊತ್ತಿನಲ್ಲಿ ಉಜ್ಜಿದರೆ ಸವೆತಕ್ಕೆ ಸಹಾಯವಾಗುವ ಸಾಧ್ಯತೆಯೇ ಹೆಚ್ಚು. ಕಾರಣ ಮುಂದೆ ಬರುತ್ತದೆ.

ನಿಮ್ಮ ಡೆಂಟಿಸ್ಟ್‌ ಹುಳುಕು ಬೇರೆ, ಸವೆತ ಬೇರೆ ಎಂದು ಬಿಡಿಸಿ ಹೇಳಿದ್ದು ಒಳ್ಳೆಯದಾಯಿತು. ತುಂಬಾ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಹುಳುಕಿನಲ್ಲಿ ಹಲ್ಲಿಗೆ ಅಂಟಿದ ಕೊಳೆಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಸಿಡ್‌ ಬಿಡುತ್ತವೆ. ಆ ಆಸಿಡ್‌ ಒಂದೇ ಜಾಗದಲ್ಲಿ ಕೂತು ತೂತು ಮಾಡುತ್ತದೆ. ಅದಕ್ಕೇ ಹುಳುಕು ಶುರುವಾಗುವುದು ಹಲ್ಲಿನ ಸಂದಿಯಲ್ಲಿ, ದವಡೆ ಹಲ್ಲಿನ ಗುಳಿಯಲ್ಲಿ, ಒಸಡಿನ ಅಂಚಿನಲ್ಲಿ. ಸವೆತಕ್ಕೆ ಬ್ಯಾಕ್ಟೀರಿಯಾನೇ ಬೇಕಾಗಿಲ್ಲ. ಆಸಿಡ್‌ ಬಾಟಲಿಯಲ್ಲೇ ತಯಾರಾಗಿ ಬಂದಿರುತ್ತದೆ. ಅದು ಹಲ್ಲಿನ ಮೇಲೆಲ್ಲಾ ಹರಿದು ತೆಳುವಾದ ಪದರವನ್ನು ಕರಗಿಸುತ್ತಾ ಹೋಗುತ್ತದೆ. ಚೆನ್ನಾಗಿ ಉಜ್ಜಿದ, ಶುಚಿಯಾದ ಹಲ್ಲು ಕೂಡ ಸವೆಯುವುದು ಇದರಿಂದಲೇ. "ನಾನು ಎರಡು ಹೊತ್ತೂ ಬ್ರಷ್‌ ಮಾಡಿಸ್ತೀನಿ, ಆದ್ರೂ ಹೀಗಾಯ್ತಲ್ಲ" ಎಂದು ನೊಂದುಕೊಳ್ಳುವ ಅಮ್ಮಂದಿರನ್ನು ನಾನು ಆಗಾಗ ನೋಡುತ್ತೇನೆ. ಅವರದು ತಪ್ಪಿಲ್ಲ. ಬ್ರಷ್‌ ತಡೆಯುವುದು ಬೇರೆ ಕಾಯಿಲೆಯನ್ನು.

ಹಲ್ಲಿನ ಹೊರಪದರಕ್ಕೆ ಎನಾಮಲ್‌ ಎನ್ನುತ್ತೇವೆ. ತೂಕದಲ್ಲಿ ಅದರ ಶೇ 96ರಷ್ಟು ಖನಿಜವೇ, ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್‌ ಸೇರಿದ ಹರಳು. ಮೊಸಾಯಿಕ್‌ ನೆಲದ ಮೇಲೆ ನಿಂಬೆರಸ ಚೆಲ್ಲಿ ಒರೆಸದೆ ಬಿಟ್ಟರೆ ಆ ಜಾಗ ಹೊಳಪು ಕಳೆದುಕೊಂಡು ಮಂಕಾಗುತ್ತದಲ್ಲ, ಅದೂ ಕ್ಯಾಲ್ಸಿಯಂ ಮೇಲೆ ಆಸಿಡ್‌ ಬಿದ್ದ ಪರಿಣಾಮವೇ. ಎನಾಮಲ್‌ ಒಳಗೆ ಜೀವಕೋಶಗಳಿಲ್ಲ. ಚರ್ಮಕ್ಕೆ ಗಾಯವಾದರೆ ಕೂಡಿಕೊಳ್ಳುತ್ತದೆ, ಮೂಳೆ ಮುರಿದರೆ ಕೂಡುತ್ತದೆ. ಎನಾಮಲ್‌ ಹೋದರೆ ಹೋಯಿತು. ಆದರೆ ಹೋಗುವುದಕ್ಕೂ ಮೊದಲು ಒಂದು ಹಂತ ಇದೆ. ಆಸಿಡ್‌ ತಾಗಿದ ಕೂಡಲೇ ಮೇಲ್ಪದರ ಮೆತ್ತಗಾಗುತ್ತದೆ, ಉದುರಿರುವುದಿಲ್ಲ. ಆಗ ಆಸಿಡ್‌ ನಿಂತು ಜೊಲ್ಲು ಹರಿದರೆ ಅದರಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್‌ ಮತ್ತೆ ಅಲ್ಲಿ ಸೇರಿ, ನಿಧಾನವಾಗಿ ಪದರ ಒಂದಷ್ಟು ಗಟ್ಟಿಯಾಗುತ್ತದೆ. ಇದಕ್ಕೆ ಗಂಟೆಗಟ್ಟಲೆ ಸಮಯ ಬೇಕು. ನಿಮ್ಮ ಮಗನ ಹಲ್ಲಿಗೆ ಸಿಗದೇ ಹೋಗಿರುವುದು ಈ ಬಿಡುವೇ.

ಸ್ವಲ್ಪ ಲೆಕ್ಕ ನೋಡೋಣ. ಹುಳಿ ಎಷ್ಟು ತೀಕ್ಷ್ಣ ಎಂಬುದನ್ನು ಪಿಎಚ್‌ ಎಂಬ ಅಳತೆಯಲ್ಲಿ ಹೇಳುತ್ತಾರೆ. ಶುದ್ಧ ನೀರಿಗೆ 7. ಸಂಖ್ಯೆ ಇಳಿದಷ್ಟೂ ಹುಳಿ ಜಾಸ್ತಿ, ಒಂದು ಅಂಕ ಇಳಿದರೆ ಹತ್ತು ಪಟ್ಟು ಜಾಸ್ತಿ. ಎನಾಮಲ್‌ ಕರಗಲು ಶುರುವಾಗುವ ಗಡಿ ಸುಮಾರು 5.5 ಎಂದು ಹೇಳುತ್ತಾರೆ. ಕೋಲಾ ಪಾನೀಯಗಳ ಪಿಎಚ್‌ 2.5ರ ಆಸುಪಾಸು. ಅಂದರೆ ಆ ಗಡಿಗಿಂತ ಸುಮಾರು ಸಾವಿರ ಪಟ್ಟು ತೀಕ್ಷ್ಣ. ಕಿತ್ತಳೆ ರುಚಿಯ ಡ್ರಿಂಕ್ಸ್‌ 3ರ ಹತ್ತಿರ, ನಿಂಬೆ ರುಚಿಯ ಬಿಳಿ ಡ್ರಿಂಕ್ಸ್‌ ಅದಕ್ಕಿಂತ ಸ್ವಲ್ಪ ಮೇಲೆ. ಬಣ್ಣ ಕಪ್ಪಿದ್ದರೆ ಕೆಟ್ಟದ್ದು, ಬಿಳಿ ಇದ್ದರೆ ವಾಸಿ ಎಂಬ ನಂಬಿಕೆಗೆ ಅರ್ಥವಿಲ್ಲ. ಕೋಲಾದಲ್ಲಿ ಇರುವುದು ಫಾಸ್ಫಾರಿಕ್‌ ಆಸಿಡ್‌, ನಿಂಬೆ ಕಿತ್ತಳೆ ರುಚಿಯದರಲ್ಲಿ ಸಿಟ್ರಿಕ್‌ ಆಸಿಡ್‌. ಈ ಸಿಟ್ರಿಕ್‌ ಆಸಿಡ್‌ಗೆ ಇನ್ನೊಂದು ಗುಣ ಇದೆ. ಅದು ಕ್ಯಾಲ್ಸಿಯಂ ಅನ್ನು ಹಿಡಿದು ಕಟ್ಟಿಹಾಕುತ್ತದೆ. ಹಾಗಾಗಿ ಪಿಎಚ್‌ ಸ್ವಲ್ಪ ಮೇಲಿದ್ದರೂ ಹಲ್ಲಿಗೆ ಕೊಡುವ ಪೆಟ್ಟು ಕಡಿಮೆ ಅಂತ ಹೇಳುವ ಹಾಗಿಲ್ಲ.

ಕೆಲವರು ಗ್ಯಾಸ್‌ ಹೋಗಲಿ ಅಂತ ಬಾಟಲಿ ಅಲ್ಲಾಡಿಸಿ, ಮುಚ್ಚಳ ತೆಗೆದಿಟ್ಟು ಆಮೇಲೆ ಮಗುವಿಗೆ ಕೊಡುತ್ತಾರೆ. ಹೊಟ್ಟೆಗೆ ಅದರಿಂದ ಅನುಕೂಲ ಆಗಬಹುದೇನೋ, ಹಲ್ಲಿಗಂತೂ ಹೆಚ್ಚೇನೂ ಇಲ್ಲ. ಗ್ಯಾಸ್‌ನಿಂದ ಆಗುವುದು ಕಾರ್ಬಾನಿಕ್‌ ಆಸಿಡ್‌, ಅದು ದುರ್ಬಲ. ಏನೂ ಬೆರೆಸದ ಬರೀ ಸೋಡಾದ ಪಿಎಚ್‌ 4ರಿಂದ 5ರ ನಡುವೆ ಇರುತ್ತದೆ. ನಮ್ಮ ಜಾತ್ರೆಗಳ ಗೋಲಿ ಸೋಡಾ ಬರೀ ಸೋಡಾ ಆಗಿದ್ದರೆ ಅಪರೂಪಕ್ಕೆ ಕುಡಿದರೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅದಕ್ಕೆ ಬಣ್ಣ, ರುಚಿ, ಹುಳಿ ಸೇರಿಸಿದ ಮೇಲೆ ಕತೆ ಬೇರೆ. ಹಲ್ಲು ಸವೆಸುವ ಮುಖ್ಯ ಆಸಿಡ್‌ ಗ್ಯಾಸ್‌ ಜೊತೆ ಹಾರಿಹೋಗುವುದಿಲ್ಲ, ನೀರಿನಲ್ಲೇ ಇರುತ್ತದೆ.

ಈಗ ನಿಮ್ಮ ಮಗನ ಸಂಜೆಗೆ ಬರೋಣ. ನನ್ನ ಪ್ರಕಾರ ನಿಮ್ಮ ಪತ್ರದ ಅತಿ ಮುಖ್ಯ ಮಾತು "ರಾತ್ರಿ ಊಟದವರೆಗೂ" ಎಂಬುದು. ಒಂದು ಗುಟುಕು ಒಳಗೆ ಹೋದಾಗ ಬಾಯಿ ಹುಳಿಯಾಗುತ್ತದೆ. ಜೊಲ್ಲು ಅದನ್ನು ತೊಳೆದು, ಹುಳಿ ಮುರಿದು, ಬಾಯಿಯನ್ನು ಮೊದಲಿನ ಸ್ಥಿತಿಗೆ ತರಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ. ಆ ಕೆಲಸ ಮುಗಿಯುವಷ್ಟರಲ್ಲಿ ಇನ್ನೊಂದು ಗುಟುಕು ಬಂದರೆ? ಮತ್ತೆ ಮೊದಲಿನಿಂದ. ಅದೇ 200 ಮಿಲಿ ಬಾಟಲಿಯನ್ನು ಊಟದ ಜೊತೆ ಐದು ನಿಮಿಷದಲ್ಲಿ ಕುಡಿದು ಮುಗಿಸಿದ ಮಗುವಿನ ಹಲ್ಲಿಗೆ ಆಸಿಡ್‌ ತಾಗುವುದು ಹತ್ತು ಹದಿನೈದು ನಿಮಿಷ. ಎರಡು ಗಂಟೆ ಹೀರುತ್ತಾ ಕೂತ ಮಗುವಿಗೆ ಹೆಚ್ಚುಕಡಿಮೆ ಆ ಎರಡು ಗಂಟೆಯೂ. ಎಷ್ಟು ಕುಡಿದ ಎಂಬುದಕ್ಕಿಂತ ಎಷ್ಟು ಸಲ, ಎಷ್ಟು ಹೊತ್ತು ಎಂಬುದೇ ಇಲ್ಲಿ ಲೆಕ್ಕ. ಕೆಲವು ಮಕ್ಕಳಿಗೆ ಬಾಯಲ್ಲಿ ತುಂಬಿಸಿಕೊಂಡು, ಹಲ್ಲಿನ ಸಂದಿಯಿಂದ ಹಿಂದೆ ಮುಂದೆ ಎಳೆದು ಆಡುವ ಚಟ ಇರುತ್ತದೆ. ನಿಮ್ಮ ಮಗನಿಗೂ ಇದೆಯಾ ಗಮನಿಸಿ. ಮುಂದಿನ ಹಲ್ಲುಗಳು ಮೊದಲು ತೆಳ್ಳಗಾಗಲು ಅದೂ ಒಂದು ಕಾರಣ.

ಸಿಪ್ಪರ್‌ ಬಾಟಲಿ, ಹಾಲಿನ ಬಾಟಲಿಗೆ ಜ್ಯೂಸ್‌ ತುಂಬಿ ಕೊಡುವುದು ಇದಕ್ಕಿಂತ ಕೆಟ್ಟದ್ದು. ಅದನ್ನು ಬಾಯಲ್ಲಿಟ್ಟುಕೊಂಡೇ ಮಗು ನಿದ್ದೆ ಮಾಡಿದರೆ ಇನ್ನೂ ಕಷ್ಟ, ಏಕೆಂದರೆ ನಿದ್ದೆಯಲ್ಲಿ ಜೊಲ್ಲು ಸುರಿಯುವುದು ತೀರಾ ಕಡಿಮೆಯಾಗುತ್ತದೆ. ತೊಳೆಯುವವರೇ ಇರುವುದಿಲ್ಲ.

ಹಾಲುಹಲ್ಲಿಗೆ ಇದು ಯಾಕೆ ಇಷ್ಟು ಬೇಗ ತಾಗುತ್ತದೆ ಎಂದರೆ, ಅದರ ಎನಾಮಲ್ಲೇ ತೆಳು. ಶಾಶ್ವತ ದವಡೆ ಹಲ್ಲಿನ ಮೇಲ್ತುದಿಯಲ್ಲಿ ಎನಾಮಲ್‌ 2 ಮಿಲಿಮೀಟರ್‌ ದಾಟಬಹುದು. ಹಾಲುಹಲ್ಲಿನಲ್ಲಿ 1 ಮಿಲಿಮೀಟರ್‌ ಇದ್ದರೆ ಹೆಚ್ಚು. ಖನಿಜದ ಸಾಂದ್ರತೆಯೂ ಸ್ವಲ್ಪ ಕಡಿಮೆ. ಅದರ ಕೆಳಗಿನ ಡೆಂಟಿನ್‌ ಪದರ ಇನ್ನೂ ಮೃದು, ಬಣ್ಣ ಹಳದಿ, ಅದರೊಳಗೆ ನರದ ಕಡೆ ಹೋಗುವ ಸೂಕ್ಷ್ಮ ಕೊಳವೆಗಳಿವೆ. ನಿಮ್ಮ ಮಗ ಜುಮ್‌ ಅನ್ನುತ್ತೆ ಎಂದು ಹೇಳುತ್ತಿರುವುದು ಆ ಕೊಳವೆಗಳ ಬಾಯಿ ತೆರೆದುಕೊಂಡಿರುವುದರಿಂದ. ನರ ಇರುವ ತಿರುಳು ಕೂಡ ಹಾಲುಹಲ್ಲಿನಲ್ಲಿ ಹೊರಗೋಡೆಗೆ ಹತ್ತಿರ, ಹಲ್ಲಿನ ಗಾತ್ರಕ್ಕೆ ಹೋಲಿಸಿದರೆ ದೊಡ್ಡದು. ಹಾಗಾಗಿ ಸವೆತದಿಂದ ನೋವಿನವರೆಗೆ ದೂರ ಹೆಚ್ಚಿಲ್ಲ.

ಅತ್ತೆಯವರ ಮಾತಿಗೆ ಬರುತ್ತೇನೆ. ಬೀಳುವ ಹಲ್ಲು ಎನ್ನುವುದು ನಿಜ. ಆದರೆ ಯಾವಾಗ? ಮುಂದಿನವು ಆರೇಳು ವರ್ಷಕ್ಕೆ ಬೀಳುತ್ತವೆ. ಹಿಂದಿನ ಹಾಲು ದವಡೆ ಹಲ್ಲುಗಳು ಹತ್ತು, ಹನ್ನೆರಡು ವರ್ಷದವರೆಗೂ ಇರಬೇಕು. ನಿಮ್ಮ ಮಗ ಇನ್ನೂ ಐದಾರು ವರ್ಷ ಮುದ್ದೆ, ರೊಟ್ಟಿ, ಅನ್ನ ಎಲ್ಲವನ್ನೂ ಅಗಿಯಬೇಕಾಗಿರುವುದು ಅವುಗಳಲ್ಲೇ. ಅವು ಬೇಗ ಹಾಳಾಗಿ ಕಿತ್ತರೆ ಅಕ್ಕಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತವೆ, ಕೆಳಗಿನಿಂದ ಬರುವ ಹಲ್ಲಿಗೆ ಜಾಗ ಸಿಗದೆ ಸೊಟ್ಟ ಬರುತ್ತದೆ. ಇದಕ್ಕಿಂತ ದೊಡ್ಡ ವಿಷಯ ಇನ್ನೊಂದು. ಹಲ್ಲು ಬೀಳುತ್ತದೆ, ಕುಡಿಯುವ ಅಭ್ಯಾಸ ಬೀಳುವುದಿಲ್ಲ. 2001ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನದಲ್ಲಿ, ಹಾಲುಹಲ್ಲು ಸವೆದಿದ್ದ ಮಕ್ಕಳಿಗೆ ಮುಂದೆ ಶಾಶ್ವತ ಹಲ್ಲೂ ಸವೆಯುವ ಸಾಧ್ಯತೆ ಉಳಿದ ಮಕ್ಕಳಿಗಿಂತ ಸುಮಾರು ನಾಲ್ಕು ಪಟ್ಟು ಜಾಸ್ತಿ ಎಂದು ಕಂಡುಬಂತು. ಹೊಸದಾಗಿ ಮೂಡಿದ ಶಾಶ್ವತ ಹಲ್ಲಿನ ಎನಾಮಲ್‌ ಮೊದಲ ಕೆಲವು ವರ್ಷ ಪೂರ್ತಿ ಬಲಿತಿರುವುದಿಲ್ಲ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ. ಈ ಮಾತನ್ನು ಅತ್ತೆಯವರಿಗೆ ಡೆಂಟಿಸ್ಟ್‌ ಬಾಯಿಂದಲೇ ಹೇಳಿಸಿ. ಸೊಸೆ ಹೇಳಿದರೆ ವಾದ ಆಗುತ್ತೆ, ಅಲ್ವಾ?

ಇದು ಅಪರೂಪದ ಕಾಯಿಲೆಯೂ ಅಲ್ಲ. ಬ್ರಿಟನ್ನಿನಲ್ಲಿ 1993ರಲ್ಲಿ ಮಕ್ಕಳ ಹಲ್ಲುಗಳ ರಾಷ್ಟ್ರೀಯ ಸಮೀಕ್ಷೆ ನಡೆದಾಗ, ಐದು ವರ್ಷದ ಮಕ್ಕಳಲ್ಲಿ ಅರ್ಧದಷ್ಟು ಮಂದಿಯ ಮುಂದಿನ ಹಾಲುಹಲ್ಲುಗಳಲ್ಲಿ ಸವೆತದ ಗುರುತು ಸಿಕ್ಕಿತ್ತು. ಅದೂ ಹಲ್ಲಿನ ಒಳಮೈಯಲ್ಲಿ, ಅಂಗುಳಿನ ಕಡೆ. ಅಮ್ಮ ಅಪ್ಪ ಮುಂದಿನಿಂದ ನೋಡಿದರೆ ಅದು ಕಾಣುವುದೇ ಇಲ್ಲ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತಲೆ ಹಿಂದಕ್ಕೆ ಬಾಗಿಸಿ, ಮೊಬೈಲ್‌ ಟಾರ್ಚ್‌ ಹಾಕಿ ನೋಡಿ. ಹಲ್ಲಿನ ಮೈ ಅತಿಯಾಗಿ ನುಣುಪಾಗಿದೆಯಾ, ಹಳದಿ ಇಣುಕುತ್ತಿದೆಯಾ, ದವಡೆ ಹಲ್ಲಿನ ಉಬ್ಬುಗಳ ತುದಿಯಲ್ಲಿ ಚಿಕ್ಕ ಬಟ್ಟಲಿನಂಥ ಗುಳಿ ಬಿದ್ದಿದೆಯಾ ಗಮನಿಸಿ. ಹಿಂದೆ ಫಿಲ್ಲಿಂಗ್‌ ಮಾಡಿಸಿದ್ದರೆ, ಸುತ್ತಲಿನ ಹಲ್ಲು ತಗ್ಗಿ ಫಿಲ್ಲಿಂಗ್‌ ಎದ್ದು ನಿಂತಂತೆ ಕಾಣಬಹುದು.

ಶುಗರ್‌ ಇಲ್ಲದ ಡ್ರಿಂಕ್ಸ್‌ ಬಗ್ಗೆ ಕೇಳಿದ್ದೀರಿ. ಸಕ್ಕರೆ ತೆಗೆದರೆ ಹುಳುಕಿನ ಭಯ ಕಡಿಮೆ ಆಗುತ್ತದೆ, ಬೊಜ್ಜಿನ ಭಯವೂ ಅಷ್ಟೇ. ಆಸಿಡ್‌ ಹಾಗೇ ಇರುತ್ತದೆ. ಡಯಟ್‌ ಕೋಲಾಗಳ ಪಿಎಚ್‌ ಕೂಡ 3ರ ಸುತ್ತಲೇ. ಬ್ರಿಟನ್‌ 2018ರಲ್ಲಿ ಸಕ್ಕರೆ ಜಾಸ್ತಿ ಇರುವ ಡ್ರಿಂಕ್ಸ್‌ ಮೇಲೆ ತೆರಿಗೆ ಹಾಕಿದಾಗ ಕಂಪನಿಗಳು ತರಾತುರಿಯಲ್ಲಿ ಸಕ್ಕರೆ ಇಳಿಸಿದವು. ಹುಳಿ ಇಳಿಸಬೇಕೆಂದು ಆ ತೆರಿಗೆ ಹೇಳಿರಲಿಲ್ಲ. ಐದು ವರ್ಷದ ಮಗುವಿಗೆ ಕೃತಕ ಸಿಹಿಯ ರುಚಿ ಹತ್ತಿಸುವುದೂ ನನಗೆ ಸರಿ ಕಾಣುವುದಿಲ್ಲ. ಆ ದಾರಿ ಬಿಟ್ಟುಬಿಡಿ.

ನಿಂಬೆ ಶರಬತ್ತಿನ ವಿಷಯದಲ್ಲಿ ನಿಮಗೆ ಬೇಸರ ಆಗಬಹುದು. ನಿಂಬೆರಸದ ಪಿಎಚ್‌ 2ರಿಂದ 2.5ರೊಳಗೆ, ಕೋಲಾದಷ್ಟೇ ಅಥವಾ ಅದಕ್ಕಿಂತ ತೀಕ್ಷ್ಣ. ನೀರು ಬೆರೆಸಿದರೆ ಒಟ್ಟು ಆಸಿಡ್‌ ಕಡಿಮೆಯಾಗುತ್ತದೆ ನಿಜ, ಆದರೆ ಹತ್ತು ಪಟ್ಟು ನೀರು ಹಾಕಿದರೂ ಪಿಎಚ್‌ ಒಂದು ಅಂಕ ಏರುವುದೇ ಕಷ್ಟ. ಮನೆಯಲ್ಲಿ ಮಾಡಿದ್ದು, ಬಣ್ಣ ಹಾಕಿಲ್ಲ, ಪ್ರಿಸರ್ವೇಟಿವ್‌ ಇಲ್ಲ ಎಂಬುದೆಲ್ಲ ಸರಿ. ಹಲ್ಲಿಗೆ ಅದು ಗೊತ್ತಾಗುವುದಿಲ್ಲ. ಕರಾವಳಿಯ ಪುನರ್ಪುಳಿ ಜ್ಯೂಸ್‌, ಹುಣಸೆ ಹುಳಿ ಹಾಕಿದ ಪಾನಕ, ಕಿತ್ತಳೆ ಮೂಸಂಬಿ ರಸ, ಎಲ್ಲವೂ ಇದೇ ಸಾಲಿಗೆ ಸೇರುತ್ತವೆ. ಹಾಗಂತ ರಾಮನವಮಿಯ ಪಾನಕವನ್ನು ಮಗುವಿನ ಕೈಯಿಂದ ಕಿತ್ತುಕೊಳ್ಳಿ ಅಂತ ಯಾರೂ ಹೇಳುವುದಿಲ್ಲ. ಒಂದು ಲೋಟ ಗಟಗಟ ಕುಡಿದು ಮುಗಿಸಿದರೆ ಆಯಿತು. ಬೇಸಿಗೆ ಪೂರ್ತಿ ಫ್ರಿಜ್ಜಿನಲ್ಲಿ ಜಗ್‌ ತುಂಬ ಶರಬತ್ತು ಇಟ್ಟು, ಮಗು ಹೋಗಿ ಬಂದಾಗೆಲ್ಲ ಒಂದೊಂದು ಗುಟುಕು ಹಾಕಿಕೊಳ್ಳುವುದು ಬೇಡ. ಹಣ್ಣನ್ನು ಹಿಂಡದೆ ಹಾಗೇ ತಿನ್ನಿಸುವುದು ವಾಸಿ. ಅಗಿಯುವಾಗ ಜೊಲ್ಲು ಚೆನ್ನಾಗಿ ಬರುತ್ತದೆ, ಹಣ್ಣಿನ ನಾರೂ ಹೊಟ್ಟೆ ಸೇರುತ್ತದೆ.

ಇಲ್ಲಿ ಮಜ್ಜಿಗೆಯ ಬಗ್ಗೆ ಹೇಳಲೇಬೇಕು, ಏಕೆಂದರೆ "ಅದೂ ಹುಳಿನೇ ಅಲ್ವಾ ಡಾಕ್ಟ್ರೇ" ಎಂದು ಕೇಳುವವರು ಇದ್ದೇ ಇರುತ್ತಾರೆ. ಹೌದು, ಮೊಸರಿನ ಪಿಎಚ್‌ 4ರ ಹತ್ತಿರ ಇರುತ್ತದೆ. 5.5ರ ಗಡಿಯನ್ನು ಕಣ್ಣುಮುಚ್ಚಿ ಹಿಡಿದರೆ ಅದೂ ಹಲ್ಲು ಕರಗಿಸಬೇಕಿತ್ತು. ಕರಗಿಸುವುದಿಲ್ಲ. ಮೊಸರಿನಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್‌ ಎಷ್ಟು ತುಂಬಿವೆ ಎಂದರೆ, ಹಲ್ಲಿನಿಂದ ಇನ್ನಷ್ಟು ಎಳೆದುಕೊಳ್ಳಲು ಅದಕ್ಕೆ ಜಾಗವೇ ಇರುವುದಿಲ್ಲ. ಕೋಲಾದಲ್ಲಿ ಕ್ಯಾಲ್ಸಿಯಂ ಇಲ್ಲದ ಕಾರಣ ಹಲ್ಲಿನದ್ದನ್ನೇ ಎಳೆಯುತ್ತದೆ. ಹಾಗಾಗಿ ಮಜ್ಜಿಗೆ ಧಾರಾಳವಾಗಿ ಕೊಡಿ. ತೀರಾ ನೀರು ಮಾಡಿ, ಮೇಲೆ ನಿಂಬೆಹುಳಿ ಹಿಂಡಬೇಡಿ, ಅಷ್ಟೇ. ಹಾಲು, ರಾಗಿ ಅಂಬಲಿ, ಎಳನೀರು ಒಳ್ಳೆಯವೇ. ಇವೆಲ್ಲಕ್ಕಿಂತ ಮೊದಲು ಬರೀ ನೀರು.

ಮೆಡಿಕಲ್‌ ಶಾಪಿನಲ್ಲಿ ಸಿಗುವ ಹಣ್ಣಿನ ರುಚಿಯ ಟೆಟ್ರಾ ಪ್ಯಾಕ್‌ಗಳನ್ನು ಔಷಧಿ ಅಂದುಕೊಂಡು ದಿನಾ ಕೊಡುವ ಮನೆಗಳಿವೆ. ಓಆರ್‌ಎಸ್‌ ಎಂಬ ಹೆಸರು ಹೊತ್ತು ಬರುತ್ತಿದ್ದ ಇಂಥ ಸಿಹಿ ಪಾನೀಯಗಳ ಮೇಲೆ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಇಲ್ಲದಿದ್ದರೆ ಆ ಹೆಸರು ಹಾಕಬಾರದು ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಆದೇಶ ಹೊರಡಿಸಿತು. ಭೇದಿಯಾದಾಗ ನಿಜವಾದ ಓಆರ್‌ಎಸ್‌ ಪುಡಿ ಬೇಕು. ಆಗ ಹಲ್ಲಿನ ಚಿಂತೆ ಮಾಡಬೇಡಿ, ಜೀವ ಮುಖ್ಯ. ಉಳಿದ ದಿನ ಈ ಪ್ಯಾಕ್‌ಗಳು ಸುಮ್ನೆ ಇನ್ನೊಂದು ಜ್ಯೂಸ್‌. ಚೀಪುವ ವಿಟಮಿನ್‌ ಸಿ ಮಾತ್ರೆ, ಹುಳಿ ಕ್ಯಾಂಡಿ, ಕಡ್ಡಿಗೆ ಸಿಕ್ಕಿಸಿದ ಹುಣಸೆ ಚಿಗಳಿ, ಇವು ಹಲ್ಲಿಗೆ ತಾಗಿಕೊಂಡೇ ತುಂಬಾ ಹೊತ್ತು ಇರುತ್ತವೆ. ಡ್ರಿಂಕ್ಸ್‌ ನಿಲ್ಲಿಸಿ ಇವನ್ನು ಕೊಟ್ಟರೆ ಏನೂ ಬದಲಾಗುವುದಿಲ್ಲ. ಯಾವುದೇ ಪ್ಯಾಕೆಟ್‌ ತಿರುಗಿಸಿ ನೋಡುವಾಗ 330, 338, 296, 334 ಎಂಬ ಸಂಖ್ಯೆ ಹುಡುಕಿ. ಕ್ರಮವಾಗಿ ಸಿಟ್ರಿಕ್‌, ಫಾಸ್ಫಾರಿಕ್‌, ಮ್ಯಾಲಿಕ್‌, ಟಾರ್ಟಾರಿಕ್‌ ಆಸಿಡ್‌ಗಳವು. ಎಷ್ಟೋ ಮಾವಿನ ಡ್ರಿಂಕ್ಸ್‌ಗಳಲ್ಲೂ 330 ಇರುತ್ತದೆ.

ಇನ್ನು ಬ್ರಷ್‌. ಆಸಿಡ್‌ ತಾಗಿ ಮೆತ್ತಗಾದ ಪದರವನ್ನು ಆಗಲೇ ಬ್ರಷ್‌ನಿಂದ ಉಜ್ಜಿದರೆ, ಮತ್ತೆ ಗಟ್ಟಿಯಾಗಬಹುದಾಗಿದ್ದ ಪದರವೇ ಕಿತ್ತು ಬರುತ್ತದೆ. ಕುಡಿದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳಲಿ. ಮುಕ್ಕಳಿಸಲು ಬಾರದಿದ್ದರೆ ಎರಡು ಗುಟುಕು ನೀರು ಕುಡಿದರೂ ಸಾಕು. ಆಮೇಲೆ ಹಾಲು ಕುಡಿದರೆ ಇನ್ನೂ ಒಳ್ಳೆಯದು. ಬ್ರಷ್‌ಗೆ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಬಿಡಿ. ಕಾಯುವುದರಿಂದ ಎಷ್ಟು ಲಾಭ ಎಂಬ ಬಗ್ಗೆ ನಮ್ಮವರಲ್ಲೇ ಚರ್ಚೆ ಇದೆ, ಅರ್ಧ ಗಂಟೆಯಲ್ಲಿ ಪದರ ಪೂರ್ತಿ ಗಟ್ಟಿಯಾಗುವುದಿಲ್ಲ. ಆದರೂ ತಕ್ಷಣ ಉಜ್ಜುವುದರಿಂದ ಸವೆತದ ವಿಷಯದಲ್ಲಿ ಯಾವ ಲಾಭವೂ ಇಲ್ಲ, ಹಾಗಾಗಿ ನಾನು ಕಾಯಿರಿ ಎಂದೇ ಹೇಳುತ್ತೇನೆ. ಕಾಯುವ ನೆಪದಲ್ಲಿ ಮಗು ಬ್ರಷ್‌ ಮಾಡದೆ ಮಲಗುವುದೂ ಆಗಬಾರದು. ರಾತ್ರಿಯ ಬ್ರಷ್‌ ತಪ್ಪಲೇಬಾರದು. ಬ್ರಷ್‌ ಮೆದುವಾಗಿರಲಿ. ಹಲ್ಲುಪುಡಿ, ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ ಯಾವುದೂ ಬೇಡ. ಹಲ್ಲು ಹಳದಿ ಕಂಡಿತು ಅಂತ ಬೆಳ್ಳಗೆ ಮಾಡುವ ಪೇಸ್ಟ್‌ ತರುವವರಿದ್ದಾರೆ. ಆ ಹಳದಿ ಕೊಳೆಯಲ್ಲ, ಎನಾಮಲ್‌ ಹೋಗಿ ಕಾಣುತ್ತಿರುವ ಡೆಂಟಿನ್‌. ಉಜ್ಜಿದಷ್ಟೂ ಹಳದಿ ಹೆಚ್ಚುತ್ತದೆ.

ಪೇಸ್ಟ್‌ನಲ್ಲಿ ಫ್ಲೋರೈಡ್‌ ಇರಲಿ. ನಮ್ಮ ದೇಶದಲ್ಲಿ ಪೇಸ್ಟ್‌ನ ಫ್ಲೋರೈಡ್‌ 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಮೀರಬಾರದು ಎಂಬ ನಿಯಮ ಇದೆ. ಮಕ್ಕಳದ್ದು ಎಂದು ಬರೆದ ಕೆಲವು ಪೇಸ್ಟ್‌ಗಳಲ್ಲಿ ಅದರ ಅರ್ಧ ಇರುತ್ತದೆ, ಕೆಲವದರಲ್ಲಿ ಏನೂ ಇರುವುದಿಲ್ಲ. ಐದು ವರ್ಷಕ್ಕೆ ಬಟಾಣಿ ಕಾಳಿನಷ್ಟು ಸಾಕು, ಮೂರರ ಒಳಗಿನವರಿಗೆ ಅಕ್ಕಿ ಕಾಳಿನಷ್ಟು. ಉಜ್ಜಿದ ಮೇಲೆ ಉಗುಳಲಿ, ತುಂಬಾ ನೀರು ಹಾಕಿ ತೊಳೆಯುವುದು ಬೇಡ. ಆದರೆ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಮುಂಡರಗಿ ಕಡೆಯ ಓದುಗರಿಗೆ ಒಂದು ಮಾತು. ನಿಮ್ಮ ಕೊಳವೆಬಾವಿ ನೀರಿನಲ್ಲೇ ಫ್ಲೋರೈಡ್‌ ಜಾಸ್ತಿ ಇರಬಹುದು. ಅಲ್ಲಿ ಪೇಸ್ಟ್‌ ಯಾವುದು, ಎಷ್ಟು ಎಂಬುದನ್ನು ಸ್ಥಳೀಯ ಡೆಂಟಿಸ್ಟ್‌ ಕೇಳಿ ತೀರ್ಮಾನಿಸಿ. ಮಗು ಪೇಸ್ಟ್‌ ನುಂಗದಂತೆ ಪಕ್ಕದಲ್ಲೇ ನಿಂತು ನೋಡಿಕೊಳ್ಳಿ. ಫ್ಲೋರೈಡ್‌ ಎನಾಮಲ್‌ಗೆ ಬಲ ಕೊಡುತ್ತದೆ, ಆದರೆ ದಿನಾ ಎರಡು ಗಂಟೆ ಆಸಿಡ್‌ ತಾಗುತ್ತಿದ್ದರೆ ಯಾವ ಪೇಸ್ಟೂ ಅದನ್ನು ಗೆಲ್ಲಲಾರದು.

ಹಾಗಾದರೆ ಬಾಟಲಿಯನ್ನೇ ಪೂರ್ತಿ ನಿಲ್ಲಿಸಬೇಕಾ? ನಿಲ್ಲಿಸಿದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2019ರ ಮಾರ್ಗಸೂಚಿಯಲ್ಲಿ, ಐದು ವರ್ಷದೊಳಗಿನ ಮಕ್ಕಳಿಗೆ ಗ್ಯಾಸ್‌ ತುಂಬಿದ ಡ್ರಿಂಕ್ಸ್‌ ಬೇಡವೇ ಬೇಡ ಎಂದಿದೆ. ಎರಡು ವರ್ಷದೊಳಗೆ ಹಣ್ಣಿನ ಜ್ಯೂಸ್‌ ಕೂಡ ಬೇಡ, ಎರಡರಿಂದ ಐದರವರೆಗೆ ಕೊಡುವುದಾದರೆ ದಿನಕ್ಕೆ 125 ಮಿಲಿ ಮೀರಬಾರದು ಎಂದೂ ಹೇಳಿದೆ. ಆದರೆ ದಿನಾ ಕುಡಿಯುತ್ತಿದ್ದ ಮಗು ನಾಳೆಯಿಂದ ಒಮ್ಮೆಲೇ ಬಿಡುತ್ತದೆ ಎಂದು ನಾನು ನಂಬುವುದಿಲ್ಲ, ತಾತನಂತೂ ಬಿಡುವುದಿಲ್ಲ. ವಾರಕ್ಕೊಮ್ಮೆಗೆ ಇಳಿಸಿ. ಭಾನುವಾರ ಮಧ್ಯಾಹ್ನ, ಊಟದ ಜೊತೆ, ಬಾಟಲಿಯಲ್ಲಿ ಬೇಡ, ಚಿಕ್ಕ ಲೋಟದಲ್ಲಿ. ಚೆನ್ನಾಗಿ ತಣ್ಣಗಿರಲಿ, ತಣ್ಣಗಿದ್ದಾಗ ಆಸಿಡ್‌ನ ಕೆಲಸ ನಿಧಾನ. ಊಟ ಅಗಿಯುವಾಗ ಬಾಯಲ್ಲಿ ಜೊಲ್ಲು ಧಾರಾಳವಾಗಿರುತ್ತದೆ. ಕೂತು ಕುಡಿದು ಮುಗಿಸಿ ಲೋಟ ತೊಳೆಯಲು ಹಾಕಲಿ. ಉಳಿದದ್ದು ದೊಡ್ಡವರಿಗೆ ಅಥವಾ ಸಿಂಕಿಗೆ, ಫ್ರಿಜ್ಜಿಗಲ್ಲ. ಸ್ಟ್ರಾ ಕೊಡುವುದಾದರೆ ತುದಿ ನಾಲಿಗೆಯ ಮೇಲೆ, ಹಲ್ಲಿನ ಹಿಂದೆ ಇರಬೇಕು. ತುಟಿಯಲ್ಲಿ ಕಚ್ಚಿ ಹೀರಿದರೆ ಹುಳಿ ನೇರ ಮುಂದಿನ ಹಲ್ಲಿಗೇ ಚಿಮ್ಮುತ್ತದೆ.

ಮಾವನವರ ವಿಷಯ ಸೂಕ್ಷ್ಮ. ಮೊಮ್ಮಗನ ಕೈಹಿಡಿದು ಅಂಗಡಿಗೆ ಹೋಗಿ ಏನಾದರೂ ಕೊಡಿಸುವುದು ಅವರ ದಿನದ ಸಂತೋಷ. ಅದನ್ನು ತಪ್ಪಿಸಬೇಡಿ, ಕೊಡಿಸುವ ವಸ್ತು ಮಾತ್ರ ಬದಲಾಗಲಿ. ಅದೇ ಅಂಗಡಿಯಲ್ಲಿ ನಂದಿನಿ ಮಜ್ಜಿಗೆ ಪ್ಯಾಕೆಟ್‌ ಸಿಗುತ್ತದೆ, ಏಲಕ್ಕಿ ಬಾಳೆಹಣ್ಣು ಸಿಗುತ್ತದೆ. ಸುವಾಸಿತ ಹಾಲಿನಲ್ಲಿ ಸಕ್ಕರೆ ಇದೆ ಎನ್ನುವುದು ಗೊತ್ತಿರಲಿ, ಆದರೆ ಈ ಸವೆತದ ದೃಷ್ಟಿಯಲ್ಲಿ ಕೋಲಾಗಿಂತ ಎಷ್ಟೋ ಮೇಲು. "ಬೇಡ" ಅಂತ ಹೇಳುವುದಕ್ಕಿಂತ "ಅಪ್ಪಾಜಿ, ಇವತ್ತು ಅವನಿಗೆ ಮಜ್ಜಿಗೆ ಕೊಡಿಸ್ತೀರಾ" ಅಂತ ಕೇಳಿದರೆ ಕೆಲಸ ಸುಲಭ. ಕೋಲಾದಲ್ಲಿ ಹಲ್ಲು ಹಾಕಿಟ್ಟರೆ ರಾತ್ರಿ ಬೆಳಗಾಗುವುದರಲ್ಲಿ ಕರಗಿಹೋಗುತ್ತೆ ಅಂತ ಹೆದರಿಸಬೇಡಿ. ಅದು ನಿಜವಲ್ಲ. 1950ರಲ್ಲಿ ಅಮೆರಿಕದ ಕಾರ್ನೆಲ್‌ ವಿಶ್ವವಿದ್ಯಾಲಯದ ಕ್ಲೈವ್‌ ಮೆಕೇ ಎಂಬ ವಿಜ್ಞಾನಿ ಅಲ್ಲಿನ ಸಂಸತ್ತಿನ ಸಮಿತಿಯ ಮುಂದೆ ಕೋಲಾದಲ್ಲಿ ಹಲ್ಲು ಮೆತ್ತಗಾಗುವ ಬಗ್ಗೆ ಹೇಳಿದ ಮೇಲೆ ಈ ಕತೆ ಬಾಯಿಂದ ಬಾಯಿಗೆ ಬೆಳೆಯಿತು. ಲೋಟದಲ್ಲಿ ಬಿದ್ದಿರುವ ಹಲ್ಲಿಗೆ ಜೊಲ್ಲಿನ ರಕ್ಷಣೆ ಇರುವುದಿಲ್ಲ. ಹೆದರಿಸಲು ಹೋಗಿ ಯಾರೋ ಮನೆಯಲ್ಲಿ ಪರೀಕ್ಷೆ ಮಾಡಿ, ಹಲ್ಲು ಬೆಳಿಗ್ಗೆ ಹಾಗೇ ಇದ್ದರೆ ನಿಮ್ಮ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ.

ಡೆಂಟಿಸ್ಟ್‌ ಹತ್ತಿರ ಮತ್ತೆ ಹೋದಾಗ ಎರಡು ವಿಷಯ ತಪ್ಪದೆ ತಿಳಿಸಿ. ಮಗುವಿಗೆ ಪದೇ ಪದೇ ಹುಳಿತೇಗು, ವಾಂತಿ, ರಾತ್ರಿ ಕೆಮ್ಮು ಇದೆಯಾ? ಹೊಟ್ಟೆಯ ಆಸಿಡ್‌ ಮೇಲಕ್ಕೆ ಬರುತ್ತಿದ್ದರೆ ಅದು ಯಾವ ಡ್ರಿಂಕ್ಸ್‌ಗಿಂತಲೂ ತೀಕ್ಷ್ಣ, ಆಗ ಮಕ್ಕಳ ಡಾಕ್ಟರ್‌ಗೂ ತೋರಿಸಬೇಕು. ನಿದ್ದೆಯಲ್ಲಿ ಹಲ್ಲು ಕಡಿಯುತ್ತಾನಾ? ಮೆತ್ತಗಾದ ಹಲ್ಲನ್ನು ಕಡಿದರೆ ಸವೆತ ಜೋರಾಗುತ್ತದೆ. ಅವರು ಫ್ಲೋರೈಡ್‌ ವಾರ್ನಿಷ್‌, ಅಂದರೆ ಹಲ್ಲಿನ ಮೇಲೆ ಬಳಿಯುವ ಫ್ಲೋರೈಡ್‌ ಲೇಪ ಹಚ್ಚಬಹುದು, ಮೂರರಿಂದ ಆರು ತಿಂಗಳಿಗೊಮ್ಮೆ. ನೋವಿಲ್ಲದ ಕೆಲಸ, ಕೆಲವೇ ನಿಮಿಷ. ಜುಮ್‌ ಅನ್ನುವುದೂ ಅದರಿಂದ ಕಡಿಮೆಯಾಗುತ್ತದೆ. ಸವೆತ ಡೆಂಟಿನ್‌ ಒಳಗೆ ಇಳಿದಿದ್ದರೆ ಮುಂದಿನ ಹಲ್ಲಿಗೆ ಹಲ್ಲಿನ ಬಣ್ಣದ ಕಾಂಪೋಸಿಟ್‌ ಹಾಕಿ ಮುಚ್ಚುತ್ತಾರೆ, ದವಡೆ ಹಲ್ಲಿಗೆ ಸ್ಟೀಲ್‌ ಕ್ಯಾಪ್‌ ಹಾಕುವುದುಂಟು. ಆದರೆ ಕುಡಿಯುವುದು ಮುಂದುವರಿದರೆ ಆ ರಿಪೇರಿಯ ಅಂಚಿನಲ್ಲೇ ಮತ್ತೆ ಸವೆತ ಶುರುವಾಗುತ್ತದೆ. ಮೂರು ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ಹಲ್ಲಿನ ಫೋಟೋ ತೆಗೆದಿಟ್ಟುಕೊಳ್ಳಿ. ಸವೆತ ನಿಂತಿದೆಯಾ ಎಂದು ತಿಳಿಯಲು ನಮಗೂ ಅದೇ ದೊಡ್ಡ ಸಹಾಯ.

ಹಲ್ಲಿನ ಒಳಗಿಂದ ಗುಲಾಬಿ ಬಣ್ಣ ಕಂಡರೆ, ರಾತ್ರಿ ನೋವಿಗೆ ಎದ್ದರೆ, ಒಸಡಿನಲ್ಲಿ ಗುಳ್ಳೆ ಬಂದರೆ ಕಾಯಬೇಡಿ, ಅವತ್ತೇ ಕರೆದುಕೊಂಡು ಹೋಗಿ. ಹಾಗೇನೂ ಇಲ್ಲದಿದ್ದರೂ ಇನ್ನೊಂದು ವರ್ಷದೊಳಗೆ ಹಾಲು ದವಡೆ ಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಒಂದು ದೊಡ್ಡ ಹಲ್ಲು ಮೂಡುತ್ತದೆ. ಅದನ್ನೂ ಹಾಲುಹಲ್ಲು ಅಂದುಕೊಂಡು ಬಿಟ್ಟುಬಿಡುವವರೇ ಜಾಸ್ತಿ. ಅದು ಮೊದಲ ಶಾಶ್ವತ ದವಡೆ ಹಲ್ಲು. ಅದರ ಉಬ್ಬುಗಳು ಒಸಡಿನಿಂದ ಹೊರಗೆ ಕಂಡ ಕೂಡಲೇ ಒಮ್ಮೆ ತೋರಿಸಿ, ಅದಕ್ಕೂ ವಾರ್ನಿಷ್‌ ಹಚ್ಚಿಸಿಕೊಂಡು ಬನ್ನಿ.